ನನ್ನ ಹೆಸರು ನೀವು ಬರೀರಿ, ನಿಮ್ಮದು ನಾನು ಬರೀತೀನಿ

“ಅಕ್ಕೋರೇ, ಭೂಭೌತ ವಿಜ್ಞಾನ ಅಂದ್ರೆ ಬೋರೇ ಅಲ್ವಾ?”

ಶರಣಪ್ಪ ಹೀಗೆ ಕೇಳಿದ ಕೂಡಲೇ ಅಕ್ಕೋರು ಬಾಯಿಗೆ ಒಯ್ಯುತ್ತಿದ್ದ ಮಿರ್ಚಿ ಭಜಿಯನ್ನು ತಟ್ಟೆಗೆ ವಾಪಸ್ ಇಟ್ಟರು. ಕಲಬುರಗಿಯ ಅಪ್ಪನ ಕೆರೆ ಸುತ್ತ ವಾಕಿಂಗ್ ಮುಗಿದು ಎಲ್ಲರೂ ಭಜಿ ಅಂಗಡಿ ಮುಂದೆ ಕೂತಿದ್ದರು.

ಶರಣಪ್ಪನ ಮೊಬೈಲಿನಲ್ಲಿ ಒಂದು ಫಾರಂ ಇತ್ತು. ಬೆಂಗಳೂರಲ್ಲಿ ಓದುವ ಮಗ “ಸುಮ್ನೆ ನೋಡು” ಅಂತ ಕಳಿಸಿದ್ದ. ಶರಣಪ್ಪನಿಗೆ ಯಾವುದನ್ನೂ ಸುಮ್ನೆ ನೋಡಿ ಗೊತ್ತಿಲ್ಲ. ಲಂಡನ್ನಿನ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿ ವರ್ಷವೂ ಚಿನ್ನದ ಪದಕ ಕೊಡುತ್ತದೆ. ಒಂದು ಖಗೋಳಕ್ಕೆ, ಇನ್ನೊಂದು ಭೂಭೌತಕ್ಕೆ. ಅದಕ್ಕೆ ಹೆಸರು ಸೂಚಿಸುವ ಫಾರಂ ಅದು. ಅವನ ಓದು “ಚಿನ್ನದ” ಅನ್ನುವ ಪದಕ್ಕೇ ನಿಂತಿತ್ತು.

“ಜಿಲ್ಲೆಯಲ್ಲಿ ನಾನು ಹಾಕಿಸಿದಷ್ಟು ಬೋರ್ ಯಾರು ಹಾಕಿಸಿದ್ದಾರೆ ಹೇಳಿ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದರೆ ಸಾಕು, ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಭೂಮಿಯ ಒಳಗಿನದು ನನಗಿಂತ ಜಾಸ್ತಿ ಯಾರಿಗೆ ಗೊತ್ತು?”

“ಹಾಗಾದ್ರೆ ಖಗೋಳದ್ದು ನನಗೆ” ಅಂದರು ಆಚಾರ್ಯರು. ಅಷ್ಟು ಬೇಗ ಅಂದರು ಅಂದ್ರೆ ಅವರ ಮೊಬೈಲಿಗೂ ಆ ಫಾರಂ ಬಂದಿರಬೇಕು. “ಮೂರು ತಲೆಮಾರಿನಿಂದ ಪಂಚಾಂಗ ಬರೀತಿದ್ದೇವೆ. ಗ್ರಹಗಳೆಲ್ಲ ನಮ್ಮ ಮನೆಯವರಿದ್ದ ಹಾಗೆ.”

ಖಾದರ್ ಭಾಯಿಗೆ ವ್ಯಾಪಾರದ ವಾಸನೆ ಬಂತು. “ಫ್ಲೆಕ್ಸ್ ಯಾವ ಸೈಜು? ಈಗ ಸೀಸನ್ ಬೇರೆ. ಹೋದ ತಿಂಗಳು ಎಷ್ಟು ಗೌರವ ಡಾಕ್ಟರೇಟ್ ಪ್ರಿಂಟ್ ಮಾಡಿದೆನೋ ಲೆಕ್ಕವೇ ಇಲ್ಲ. ಒಬ್ಬರಂತೂ ಅಂಗಡಿಗೆ ಬಂದು, ಸರ್ಟಿಫಿಕೇಟ್ ಆಮೇಲೆ ಬರುತ್ತೆ, ಮೊದಲು ಫ್ಲೆಕ್ಸ್ ಮಾಡಿ ಅಂದರು.”

“ಮೊದಲು ಹಾರ, ಆಮೇಲೆ ಸಾಧನೆ” ಅಂದರು ಅಕ್ಕೋರು. “ಸಾಧನೆಗೆ ಜಾಗ ಉಳಿದರೆ.”

ವಕೀಲ್ ಸಾಬ್ ಚಹಾದ ಕಪ್ಪು ಕೆಳಗಿಟ್ಟರು. “ನಮ್ಮ ಸಾಧನೆ ನಾವೇ ಹೇಳಿಕೊಳ್ಳುವುದರಲ್ಲಿ ತಪ್ಪೇನು? ಪದ್ಮ ಪ್ರಶಸ್ತಿಗೆ ಸ್ವಂತ ಅರ್ಜಿ ಹಾಕಬಹುದು. 800 ಪದದೊಳಗೆ ಸಾಧನೆ ಬರೆದರಾಯಿತು. ಎಲ್ಲ ಕಾನೂನುಬದ್ಧ.”

“ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ನಮ್ಮ ಕಡೆಯವರಿಗೂ ಬರುತ್ತದೆ” ಅಂತ ಖಾದರ್ ಭಾಯಿ ಸೇರಿಸಿದರು.

“ಅವರು ಜೀವಮಾನವಿಡೀ ಬೆಳ್ಳಿ ತಂತಿ ಕೂರಿಸಿದವರು” ಅಂದರು ಅಕ್ಕೋರು. “ನಮ್ಮ ಶರಣಪ್ಪ ಕೂರಿಸಿದ್ದು ಕೇಸಿಂಗ್ ಪೈಪು. ಅದಿರಲಿ, ಈ ವಿಜ್ಞಾನದವರ ರೀತಿ ಬೇರೆ. ನೊಬೆಲ್‌ಗೆ ತನ್ನ ಹೆಸರನ್ನು ತಾನೇ ಕೊಟ್ಟರೆ ಅಲ್ಲೇ ರದ್ದು. ಯಾರು ಯಾರ ಹೆಸರು ಬರೆದರು ಅನ್ನುವುದನ್ನೂ 50 ವರ್ಷ ಹೊರಗೆ ಬಿಡುವುದಿಲ್ಲ. ನಿನ್ನ ಬಗ್ಗೆ ಬೇರೆಯವರು ಬರೀಬೇಕು ಶರಣಪ್ಪ. ಅದೂ ನಿನಗೆ ಹೇಳದೆ.”

ಹೇಳದೆ ಅನ್ನುವುದು ಶರಣಪ್ಪನಿಗೆ ಅರ್ಥವೇ ಆಗಲಿಲ್ಲ. “ನನಗೇ ಗೊತ್ತಿಲ್ಲದಿದ್ದರೆ ನಾನು ಸ್ಟೇಟಸ್ ಹಾಕೋದು ಹ್ಯಾಂಗೆ?”

ಕೊನೆಗೆ ವಕೀಲ್ ಸಾಬ್ ಒಂದು ದಾರಿ ತೆಗೆದರು. ಆಚಾರ್ಯರ ಹೆಸರನ್ನು ಶರಣಪ್ಪ ಸೂಚಿಸುವುದು, ಶರಣಪ್ಪನ ಹೆಸರನ್ನು ಆಚಾರ್ಯರು. ಇಬ್ಬರೂ ಖುಷಿ. ಖಾದರ್ ಭಾಯಿ ಬಿಲ್ ಪುಸ್ತಕದ ಹಿಂದಿನ ಹಾಳೆ ಹರಿದು ಕೊಟ್ಟರು. ಆಚಾರ್ಯರು ಪೆನ್ನು ಹಿಡಿದರು. “ಶ್ರೀಯುತ ಶರಣಪ್ಪನವರು” ಅಂತ ಬರೆದರು. ಅಲ್ಲಿಗೆ ಪೆನ್ನು ನಿಂತಿತು.

“ಯಾಕ್ರೀ?”

“ನಮ್ಮ ಹಿತ್ತಲಿನ ಬೋರು ನೆನಪಾಯಿತು.”

ಅಷ್ಟೇ. 650 ಅಡಿ ಹೋಗಿ ಬರೀ ಹುಡಿ ಹಾರಿದ ಬೋರು ಅದು. ಮೂರು ದಿನ ಓಣಿಯವರೆಲ್ಲ ಬಿಳೀ ಮುಖ ಹೊತ್ತು ಓಡಾಡಿದ್ದರು. ಆಚಾರ್ಯರ ಮನೆಗೆ ಇವತ್ತಿಗೂ ಟ್ಯಾಂಕರ್ ನೀರೇ ಗತಿ.

“ಪಾಯಿಂಟ್ ಖರೇನೇ ಇತ್ತು” ಅಂದ ಶರಣಪ್ಪ. “ಕಾಯಿ ಎದ್ದು ನಿಂತಿದ್ದು ನೀವೇ ನೋಡಿದ್ದೀರಿ. ಮುಹೂರ್ತ ಇಟ್ಟವರು ಯಾರು?”

“ಮುಹೂರ್ತ ಅಮೃತಘಳಿಗೆಯದು. ನಿನ್ನ ಗಾಡಿಯೇ ಎರಡು ತಾಸು ತಡವಾಗಿ ಬಂತು.”

“ಎರಡು ತಾಸಿನಲ್ಲಿ ನೀರು ಎಲ್ಲಿಗೆ ಹೋಗುತ್ತದ್ರೀ?”

“ಗ್ರಹ ಹೋಗುತ್ತದಲ್ಲ!”

ಖಗೋಳವೂ ಭೂಭೌತವೂ ಕಾಲರ್ ಹಿಡಿಯುವ ಹಂತಕ್ಕೆ ಬಂದಾಗ ವಕೀಲ್ ಸಾಬ್ ಹಾಳೆ ಕಸಿದುಕೊಂಡು ತಾವೇ ಬರೆದು ಓದಿದರು: “ಸದರಿಯವರು ಬಸಾಲ್ಟ್ ಕರಿಕಲ್ಲನ್ನು ಭೇದಿಸಿ 650 ಅಡಿ ಆಳಕ್ಕಿಳಿದು, ಸದರಿ ಸ್ಥಳದಲ್ಲಿ ನೀರಿಲ್ಲವೆಂಬ ಸತ್ಯವನ್ನು ನಿಸ್ಸಂಶಯವಾಗಿ ಸಾಬೀತುಪಡಿಸಿರುತ್ತಾರೆ.”

ಅಕ್ಕೋರು ನಕ್ಕ ನಗುವಿಗೆ ಪಕ್ಕದ ಬೆಂಚಿನವರು ತಿರುಗಿ ನೋಡಿದರು. “ಇದರಲ್ಲಿ ಸುಳ್ಳಂತೂ ಇಲ್ಲ. ಆದರೆ ನಿನಗೆ ಪೈಪೋಟಿ ಇದೆ ಶರಣಪ್ಪ. ಡೆನ್ಮಾರ್ಕಿನ ಇಂಗೆ ಲೇಮನ್ ಅಂತ ಒಬ್ಬಾಕೆ. ಒಂದೂ ಬೋರ್ ಹಾಕದೆ, ಸುಮಾರು 5,100 ಕಿಲೋಮೀಟರ್ ಆಳದಲ್ಲಿ ಭೂಮಿಯ ತಿರುಳಿನೊಳಗೆ ಇನ್ನೊಂದು ತಿರುಳಿದೆ ಅಂತ 1936ರಲ್ಲಿ ಹೇಳಿದಳು.”

“ತೆಂಗಿನಕಾಯಿ ಇಲ್ಲದೆ?”

“ಎಲ್ಲಿಯದೋ ಭೂಕಂಪದ ಅಲೆ ಎಲ್ಲಿ ಎಷ್ಟು ಹೊತ್ತಿಗೆ ಬಂತು ಅಂತ ಕಾರ್ಡುಗಳ ಮೇಲೆ ಬರೆದಿಡುತ್ತಿದ್ದಳು. ಆ ಕಾರ್ಡು ಜೋಡಿಸಿಡೋಕೆ ಓಟ್ಸ್ ಬರುವ ರಟ್ಟಿನ ಡಬ್ಬಿ. ಕಂಪ್ಯೂಟರ್ ಇಲ್ಲ, ಏನಿಲ್ಲ. ಅಲೆ ಬರಬಾರದ ಜಾಗದಲ್ಲಿ ಸಣ್ಣಗೆ ಬರುತ್ತಿತ್ತು. ಒಳಗೆ ಏನೋ ಇದನ್ನು ತಿರುಗಿಸುತ್ತಿದೆ ಅಂತ ಹಿಡಿದಳು.”

ಶರಣಪ್ಪ ತುಸು ಹೊತ್ತು ಯೋಚಿಸಿದ. “ಅಂದ್ರೆ ಅಷ್ಟು ಆಳಕ್ಕೆ ಯಾರೂ ಗಾಡಿ ಇಳಿಸಿಲ್ಲ?”

“ರಷ್ಯಾದವರು ಕೋಲಾ ಅನ್ನುವಲ್ಲಿ 12,262 ಮೀಟರ್ ತನಕ ಕೊರೆದರು. ಒಳಗೆ 180 ಡಿಗ್ರಿ ಬಿಸಿ. ಮುಂದೆ ಹೋಗೋಕೆ ಆಗಲಿಲ್ಲ.”

“ಅಡಿಗೆ ಎಷ್ಟು ಹಿಡಿದಿದ್ದರಂತೆ?”

ಆಚಾರ್ಯರೂ ನಕ್ಕರು. ಹಿತ್ತಲಿನ ಬೋರಿನ ಮಾತು ಸದ್ಯಕ್ಕೆ ತಣ್ಣಗಾಯಿತು.

ಆದರೆ ಅಕ್ಕೋರು ಒಮ್ಮೆ ಶುರು ಮಾಡಿದರೆ ಬೆಲ್ ಹೊಡೆಯುವ ತನಕ ಬಿಡುವವರಲ್ಲ. ನಿವೃತ್ತಿ ಆದಮೇಲೆ ಬೆಲ್ಲೂ ಇಲ್ಲ. “2021ರಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಗುಡುಗಿ ನಡುಗಿತಲ್ಲ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದರು. ಕಿಲಾರಿ ಭೂಕಂಪದ ನೆನಪು ಇನ್ನೂ ಹೋಗಿಲ್ಲ, ಹೆದರದೆ ಏನು ಮಾಡುತ್ತಾರೆ? ಆಗ ಹೈದರಾಬಾದಿನಿಂದ ವಿಜ್ಞಾನಿಗಳು ಬಂದು ಯಂತ್ರ ಇಟ್ಟರು. ಅವರಲ್ಲಿ ಒಬ್ಬರ ಹೆಸರಾದರೂ ಹೇಳಿ ನೋಡೋಣ.”

ಯಾರೂ ಮಾತಾಡಲಿಲ್ಲ.

“ಅವರ ಜೊತೆ ನಿಂತು ಫೋಟೋ ತೆಗೆಸಿಕೊಂಡವರ ಹೆಸರು?”

ಎಲ್ಲರೂ ಒಟ್ಟಿಗೆ ನಾಲ್ಕೈದು ಹೆಸರು ಹೇಳಿದರು.

“ನೋಡಿದ್ರಾ. ಲಂಡನ್ನಿನವರೇನೂ ಸತ್ಯವಂತರಲ್ಲ ಬಿಡಿ. ಧೂಮಕೇತು ಹುಡುಕಿದ ಕೆರೋಲಿನ್ ಹರ್ಷಲ್‌ಗೆ 1828ರಲ್ಲಿ ಇದೇ ಚಿನ್ನದ ಪದಕ ಕೊಟ್ಟರು. ಆಮೇಲೆ ಇನ್ನೊಬ್ಬ ಹೆಣ್ಣುಮಗಳಿಗೆ ಅದು ಸಿಕ್ಕಿದ್ದು 1996ರಲ್ಲಿ, ವೇರಾ ರೂಬಿನ್‌ಗೆ. ನಡುವೆ 168 ವರ್ಷ.”

“ಅಷ್ಟು ವರ್ಷ ಅರ್ಜಿಯೇ ಬಂದಿಲ್ಲವೇನೋ” ಅಂದರು ವಕೀಲ್ ಸಾಬ್.

“ಅರ್ಜಿ ಬರೆಯುವ ಗಂಡಸರಿಗೆ ಪಕ್ಕದ ಕುರ್ಚಿಯವಳು ಕಾಣಲಿಲ್ಲ. ದೂರದ ನಕ್ಷತ್ರ ಮಾತ್ರ ಕಾಣುತ್ತಿತ್ತು. ಜೋಸ್ಲಿನ್ ಬೆಲ್ ಅನ್ನುವ ಹುಡುಗಿ 1967ರಲ್ಲಿ ಮಾರುಗಟ್ಟಲೆ ಕಾಗದದ ಮೇಲಿನ ಗೆರೆ ನೋಡಿ ನೋಡಿ ಪಲ್ಸಾರ್ ಅನ್ನುವ ಮಿಡಿಯುವ ನಕ್ಷತ್ರ ಹಿಡಿದಳು. 1974ರಲ್ಲಿ ನೊಬೆಲ್ ಬಂತು, ಅವಳ ಗೈಡಿಗೆ. 2018ರಲ್ಲಿ ಬೇರೆ ಬಹುಮಾನ ಬಂತು, 30 ಲಕ್ಷ ಡಾಲರ್. ಪೂರ್ತಿ ದುಡ್ಡನ್ನು ಓದುವ ಮಕ್ಕಳಿಗೆ ಕೊಟ್ಟುಬಿಟ್ಟಳು.”

“ಪೂರ್ತಿ?” ಖಾದರ್ ಭಾಯಿಗೆ ಸಂಕಟವಾಯಿತು. “ಒಂದು ಫ್ಲೆಕ್ಸೂ ಹಾಕದೆ?”

ಇನ್ನೊಂದು ರೌಂಡ್ ಚಹಾ ಬಂತು. ಆಚಾರ್ಯರು ಮತ್ತೆ ತಮ್ಮ ಫೈಲಿಗೇ ಬಂದರು. 1980ರ ಫೆಬ್ರವರಿ 16ರ ಸೂರ್ಯಗ್ರಹಣದ ಹೊತ್ತನ್ನು ತಮ್ಮ ತಂದೆ ಪಂಚಾಂಗದಲ್ಲಿ ಮೊದಲೇ ಬರೆದಿದ್ದರಂತೆ. ಅದನ್ನಾದರೂ ಸಾಧನೆ ಅಂತ ಹಾಕಬಹುದಲ್ಲ?

“ಬರೆದಿದ್ದರು, ಖರೇ” ಅಂದರು ಅಕ್ಕೋರು. “ಹೊತ್ತು ಸರಿಯಾಗಿ ಹೇಳಿ, ಅದೇ ಹೊತ್ತಿಗೆ ಊರವರನ್ನೆಲ್ಲ ಬಾಗಿಲು ಹಾಕಿ ಒಳಗೆ ಕೂರಿಸಿದರು. ರೈಲಿನ ಟೈಮು ಸಾರಿ ಸ್ಟೇಷನ್ನಿಗೆ ಬೀಗ ಹಾಕಿದ ಹಾಗೆ.”

ಆಮೇಲೆ ಅವರ ದನಿ ಸ್ವಲ್ಪ ಇಳಿಯಿತು. “ನಾನು ಆವತ್ತು ರಾಯಚೂರಲ್ಲಿದ್ದೆ. ಇಲ್ಲಿ ಪೂರ್ತಿ ಗ್ರಹಣ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ ಅಂತ ನಮ್ಮ ವಿಜ್ಞಾನದ ಮಾಸ್ತರು ಒಂದು ಹಿಂಡು ಹುಡುಗರನ್ನು ರೈಲು ಹತ್ತಿಸಿದರು. ನಮ್ಮವ್ವ ನನ್ನನ್ನು ಬಿಡಲೊಲ್ಲೆ ಅಂದಿದ್ದಳು. ಮಾಸ್ತರು ಮನೆಗೇ ಬಂದು ಕಟ್ಟೆ ಮೇಲೆ ಕೂತರು. ಹೂಂ ಅನ್ನುವ ತನಕ ಏಳಲಿಲ್ಲ. ಅದೇ ಜಿಲ್ಲೆಯ ಜವಳಗೇರಾದಲ್ಲಿ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಸಂಸ್ಥೆಯವರು ದೊಡ್ಡ ದೊಡ್ಡ ಯಂತ್ರ ಹೂಡಿದ್ದರಂತೆ. ನಮ್ಮ ಹತ್ತಿರ ಇದ್ದದ್ದು ತೂತು ಕೊರೆದ ರಟ್ಟು, ಒಂದು ಬಿಳೀ ಹಾಳೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಡಹಗಲೇ ಕತ್ತಲಾಯಿತು. ಮೂರು ನಿಮಿಷವೂ ಇರಲಿಲ್ಲ. ನಾವೆಲ್ಲ ಮೇಲೆ ನೋಡುತ್ತಿದ್ದೆವು. ಮಾಸ್ತರು ನಮ್ಮ ತಲೆ ಎಣಿಸುತ್ತಿದ್ದರು. ಕತ್ತಲಲ್ಲಿ ಯಾರಾದರೂ ಎತ್ತಲೋ ಹೋಗಿಬಿಟ್ಟರೆ ಅಂತ. ಬೆಳಕಾದ ಮೇಲೆ, ಹ್ಯಾಂಗಿತ್ತು ಅಂತ ನಮ್ಮನ್ನೇ ಕೇಳಿದರು.”

“ಅವರಿಗೆ ಪ್ರಶಸ್ತಿ ಏನಾದರೂ?” ಅಂದರು ವಕೀಲ್ ಸಾಬ್.

“ಒಮ್ಮೆ ಯಾರೋ ಉತ್ತಮ ಶಿಕ್ಷಕರ ಅರ್ಜಿ ತಂದುಕೊಟ್ಟರು. ನಿಮ್ಮ ಸಾಧನೆ ವಿವರಿಸಿ, ಪತ್ರಿಕೆಯ ಕಟಿಂಗ್ ಲಗತ್ತಿಸಿ ಅಂತಿತ್ತು. ನನ್ನ ಬಗ್ಗೆ ನಾನೇ ಏನಂತ ಬರೀಲಿ ಅಂತ ನಕ್ಕು, ಅದರ ಹಿಂದೆ ನಮಗೆ ಗ್ರಹಣದ ಚಿತ್ರ ಬಿಡಿಸಿ ತೋರಿಸಿದರು.”

ಸ್ವಲ್ಪ ಹೊತ್ತು ಭಜಿಯ ಎಣ್ಣೆ ಚೊರ್ ಅನ್ನುವುದಷ್ಟೇ ಕೇಳುತ್ತಿತ್ತು. ಮೊದಲು ಎದ್ದು ನಿಂತದ್ದು ಶರಣಪ್ಪ.

“ಹಂಗಾದ್ರೆ ಮಾಸ್ತರ ಹೆಸರೇ ಕಳಿಸೋಣ!”

“ಲಂಡನ್ನಿನ ಪದಕ ಸಂಶೋಧನೆ ಮಾಡಿದವರಿಗಪ್ಪ. ಅದೂ ಅಲ್ಲದೆ ಮಾಸ್ತರು ಹೋಗಿ ಬಹಳ ವರ್ಷವಾಯಿತು.”

“ಲಂಡನ್ ಹಾಳಾಗಲಿ. ನಾವೇ ಕೊಡೋಣ. ಸರ್ಕಲ್‌ನಲ್ಲಿ ಕಾರ್ಯಕ್ರಮ. ಖಾದರ್ ಭಾಯಿ, ಫ್ಲೆಕ್ಸು!”

ಎಲ್ಲರಿಗೂ ಮೈಯಲ್ಲಿ ಜೀವ ಬಂತು. ಖಾದರ್ ಭಾಯಿ ರೇಟು ಅರ್ಧ ಮಾಡಿದರು. ವಕೀಲ್ ಸಾಬ್ ಸನ್ಮಾನ ಪತ್ರದ ಒಕ್ಕಣೆ ಶುರು ಮಾಡಿದರು. ಆಚಾರ್ಯರು ದಿನ ನೋಡಿದರು. ಈ ಸಲ ಮುಹೂರ್ತದ ಬಗ್ಗೆ ಶರಣಪ್ಪ ತಕರಾರು ಎತ್ತಲಿಲ್ಲ.

“ಮಾಸ್ತರ ಫೋಟೋ ಕೊಡಿ ಅಕ್ಕೋರೇ” ಅಂದರು ಖಾದರ್ ಭಾಯಿ.

“ಫೋಟೋ ಎಲ್ಲಿಂದ ತರಲಿ? ಅವರು ಒಂದೂ ತೆಗೆಸಿಕೊಂಡವರಲ್ಲ.”

“ಹಂಗಾದ್ರೆ ನಡುವೆ ಅಷ್ಟು ದೊಡ್ಡ ಜಾಗ ಖಾಲಿ ಉಳಿಯುತ್ತದಲ್ಲ.”

“ಖಾಲಿ ಯಾಕೆ ಬಿಡ್ತೀರಿ? ಶುಭ ಕೋರುವವರನ್ನು ಹಾಕಿ” ಅಂತ ಆಚಾರ್ಯರು ಜುಬ್ಬಾ ಸರಿಮಾಡಿಕೊಂಡರು. “ನನ್ನದು ಬಲಕ್ಕೆ ಇರಲಿ, ಪೂರ್ವ ದಿಕ್ಕಿಗೆ ಬರಬೇಕು.”

“ನನ್ನದು ಕೂಲಿಂಗ್ ಗ್ಲಾಸ್ ಇರೋ ಫೋಟೋ ಹಾಕ್ರಿ” ಅಂದ ಶರಣಪ್ಪ. “ಗ್ರಹಣದ ವಿಷಯ ಅಲ್ವಾ.”