ಹಳೇ ಕಾಂಕ್ರೀಟ್ ಜಲ್ಲಿಯ ರಸ್ತೆ: ತೋಟಕ್ಕೆ ತೊಂದರೆಯಾ?

ಅಡಿಕೆತೋಟದವ: ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಪಕ್ಕ ಕಾಂಕ್ರೀಟ್ ರಸ್ತೆ ಆಗುತ್ತಿದೆ. ಕೆಡವಿದ ಕಟ್ಟಡದ ಜಲ್ಲಿ ಹಾಕುತ್ತಾರಂತೆ. ಗುಡ್ಡ ಒಡೆಯೋದು ತಪ್ಪುತ್ತದೆ, ಖುಷಿಯೇ. ಆದರೆ ಮಳೆನೀರು ನೇರ ನಮ್ಮ ಬಸಿಗಾಲುವೆಗೆ ಇಳಿಯುತ್ತದೆ. ಭಯ ಪಡಬೇಕಾ?

ಸೈಟ್ ಎಂಜಿನಿಯರ್: ಹಳೇ ಜಲ್ಲಿಗೆ ಗಾರೆ ಅಂಟಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಮೊದಲೇ ನೆನೆಸಬೇಕು. ಜಲ್ಲಿ-ಮರಳಿನ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿ ಕಬ್ಬಿಣವಿಲ್ಲದ ಕಾಂಕ್ರೀಟಿಗೆ ಶೇ. 25ರವರೆಗೆ ಇದನ್ನು ಒಪ್ಪುತ್ತದೆ. ಗಟ್ಟಿಯಾದ ರಸ್ತೆಯಿಂದ ಸುಣ್ಣ ಅಷ್ಟಾಗಿ ಇಳಿಯುವುದಿಲ್ಲ. ಬಯಲಲ್ಲಿ ರಾಶಿ ಹಾಕಿದ ಪುಡಿ ತೊಳೆದು ಬರುವ ನೀರೇ ಕ್ಷಾರ. ರಾಶಿ ಎಲ್ಲಿದೆ ನೋಡಿ.

ಲಾರಿ ಲೆಕ್ಕ: ಇಂಗಾಲ ಜಾಸ್ತಿ ಗಾಳಿಗೆ ಸೇರೋದು ಸಿಮೆಂಟ್ ತಯಾರಿಕೆಯಿಂದ, ಜಲ್ಲಿಯಿಂದಲ್ಲ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಕೇಳಿ. ಜಲ್ಲಿ ದೂರದಿಂದ ಬಂದರೆ ಉಳಿಸಿದ್ದೆಲ್ಲ ಡೀಸೆಲ್‌ಗೆ ಹೋಯಿತು, ಅಲ್ವಾ?

ಅಡಿಕೆತೋಟದವ: ರಾಶಿ ಹಳ್ಳದ ದಂಡೆಯಲ್ಲೇ ಇದೆ ಮಾರಾಯ್ರೇ! ನಾಳೆಯೇ ಎತ್ತಿಸುತ್ತೇನೆ.