ಒಂದೇ ಕಿಟಕಿ ಇರುವ ಮನೆಗೆ ಯಾವ ಸಕ್ಯುಲೆಂಟ್? ನಿಮ್ಮ ಅನುಭವ ಹೇಳಿ

ನಮ್ಮದು ಚಿಕ್ಕ ಫ್ಲಾಟ್, ಬಾಲ್ಕನಿ ಇಲ್ಲ. ಹಾಲ್‌ನ ಕಿಟಕಿಗೆ ಬೆಳಿಗ್ಗೆ ಎರಡು ಗಂಟೆ ಬಿಸಿಲು ಬರುತ್ತದೆ, ಆಮೇಲೆ ಬರೀ ಬೆಳಕು. ಆಸೆಪಟ್ಟು ಮೂರು ಎಚೆವೇರಿಯಾ (ಹೂವಿನಾಕಾರದ ಸಕ್ಯುಲೆಂಟ್, ಅಂದರೆ ದಪ್ಪ ಎಲೆಯಲ್ಲಿ ನೀರು ಇಟ್ಟುಕೊಳ್ಳುವ ಗಿಡ) ತಂದು ಶೆಲ್ಫ್ ಮೇಲೆ ಇಟ್ಟಿದ್ದೆ. ಎರಡು ಕೊಳೆತು ಹೋದವು, ಒಂದು ಉದ್ದಕ್ಕೆ ಬೆಳೆದು ವಾಲಿ ಬಿತ್ತು. ವಾರಕ್ಕೆ ಒಂದೇ ಸಲ ನೀರು ಹಾಕುತ್ತಿದ್ದೆ. ಮನೆಯಲ್ಲಿ ಬೆಕ್ಕೂ ಇದೆ. ಯಾವ ಗಿಡ ತರಲಿ, ಹೇಗೆ ನೋಡಿಕೊಳ್ಳಲಿ?

*

ನನಗೂ ಹೀಗೇ ಆಗಿತ್ತು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎರಡು ಕೊಳೆತಿದ್ದು, ಒಂದು ಉದ್ದ ಆಗಿದ್ದು ಎರಡಕ್ಕೂ ಕಾರಣ ಒಂದೇ, ಬೆಳಕು ಸಾಲಲಿಲ್ಲ. ಬೆಳಕು ಕಡಿಮೆ ಇದ್ದರೆ ಗಿಡ ನೀರು ಎಳೆಯುವುದೂ ಕಡಿಮೆ, ಹೋದ ವಾರ ಹಾಕಿದ ನೀರು ಕುಂಡದ ತಳದಲ್ಲಿ ಹಾಗೇ ಇರುತ್ತದೆ, ಮೇಲಿನ ಮಣ್ಣು ಮಾತ್ರ ಒಣಗಿ ಕಾಣುತ್ತದೆ, ನಾವು ಅದನ್ನು ನೋಡಿ ಮತ್ತೆ ನೀರು ಹಾಕುತ್ತೇವೆ. ಅಷ್ಟು ಹೊತ್ತಿಗೆ ಬೇರು ಕೊಳೆಯಲು ಶುರುವಾಗಿರುತ್ತದೆ. ಈ ಗಿಡಗಳಲ್ಲಿ ಹೆಚ್ಚಿನವು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುವಂಥವು, ನೀರು ಕಳೆದುಕೊಳ್ಳುವುದೇ ಕಮ್ಮಿ. ಅದಕ್ಕೇ ವಾರದ ಲೆಕ್ಕ ಇವಕ್ಕೆ ಹೊಂದುವುದಿಲ್ಲ.

ನಾನು ಈಗ ದಿನ ಎಣಿಸುವುದಿಲ್ಲ. ಅಡಿಯ ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ. ಗಟ್ಟಿಯಾಗಿದ್ದರೆ ನೀರು ಬೇಡ. ಸ್ವಲ್ಪ ಬಗ್ಗಿ, ಮೇಲೆ ಸಣ್ಣ ಸುಕ್ಕು ಕಂಡರೆ ಬಾಯಾರಿದೆ ಅಂತ ಅರ್ಥ. ಆಮೇಲೆ ಒಂದು ತೆಳು ಬಿದಿರುಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹೊರಗೆ ತೆಗೆಯುತ್ತೇನೆ, ಮಣ್ಣು ಅಂಟದೆ ಒಣಗಿ ಬಂದರೆ ಮಾತ್ರ ನೀರು. ಹಾಕುವಾಗ ತೂತಿನಿಂದ ಹೊರಗೆ ಹರಿಯುವಷ್ಟು ಚೆನ್ನಾಗಿ ಹಾಕಿ, ತಟ್ಟೆಯಲ್ಲಿ ನಿಂತಿದ್ದನ್ನು ಚೆಲ್ಲಿಬಿಡಿ. ಆದರೆ ಎಲೆ ಹಳದಿಯಾಗಿ, ಒಳಗೆ ನೀರು ತುಂಬಿದ ಹಾಗೆ ಪಾರದರ್ಶಕವಾಗಿ, ಮುಟ್ಟಿದರೆ ಉದುರುವಂತಿದ್ದರೆ ಅದು ನೀರು ಜಾಸ್ತಿ ಆಗಿದ್ದು. ಎರಡೂ ಮೆತ್ತಗೇ ಇರುತ್ತವೆ, ಅಲ್ಲೇ ಎಲ್ಲರೂ ಎಡವುವುದು.

ಗಿಡದ ವಿಷಯಕ್ಕೆ ಬಂದರೆ, ನಿಮ್ಮ ಕಿಟಕಿಗೆ ಹಾವರ್ಥಿಯಾ ಮತ್ತು ಗ್ಯಾಸ್ಟೇರಿಯಾ. ಕಣ್ಣುಮುಚ್ಚಿ ತನ್ನಿ. ಇವು ದಕ್ಷಿಣ ಆಫ್ರಿಕಾದ ಕಡೆಯವು, ಅಲ್ಲಿ ಪೊದೆಗಳ ಕೆಳಗೆ, ಬಂಡೆಗಳ ನೆರಳಲ್ಲಿ ಬೆಳೆಯುತ್ತವೆ, ಹಾಗಾಗಿ ಎರಡು ಗಂಟೆ ಬಿಸಿಲು ಇವಕ್ಕೆ ಸಾಕು. ಅಂಗೈಯಷ್ಟೇ ಇರುತ್ತವೆ, ಜಾಗವೂ ಕೇಳುವುದಿಲ್ಲ. ಬೆಕ್ಕು ಕಚ್ಚಿದರೂ ವಿಷ ಅಲ್ಲ. ಜೇಡ್, ಕಲಾಂಚೋ, ಅಲೋವೆರಾ, ಸ್ನೇಕ್ ಪ್ಲಾಂಟ್ ಇವು ಬೆಕ್ಕಿಗೆ ಒಳ್ಳೆಯದಲ್ಲ, ಅದರಲ್ಲೂ ಕಲಾಂಚೋ ಹೃದಯಕ್ಕೇ ತೊಂದರೆ ಮಾಡುತ್ತದೆ, ಮನೆಗೆ ತರಲೇಬೇಡಿ. ಯುಫೋರ್ಬಿಯಾ ಕೂಡ ಬೇಡ, ಅದರ ಹಾಲು ಕಣ್ಣಿಗೆ ತಾಗಿದರೆ ಮನುಷ್ಯರಿಗೂ ಕಷ್ಟ.

*

ಮೇಲಿನವರು ಹೇಳಿದ್ದು ಸರಿ, ಮಣ್ಣಿನ ಬಗ್ಗೆ ನಾನು ಸೇರಿಸುತ್ತೇನೆ. ಗಿಡ ತಂದಾಗ ಅದರ ಜೊತೆ ಬರುವ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಹಾಗೇ ಬಿಡಬೇಡಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೆಳಕು ಕಡಿಮೆ ಇರುವ ಮನೆಯಲ್ಲಿ ಅದೇ ಮುಳುವು. ನಾನು ಅರ್ಧಕ್ಕಿಂತ ಜಾಸ್ತಿ ಪರ್ಲೈಟ್, ಪ್ಯೂಮಿಸ್ (ಎರಡೂ ಹಗುರವಾದ ಕಲ್ಲಿನ ಚೂರು) ಅಥವಾ ತೊಳೆದ ದಪ್ಪ ಮರಳು, ಉಳಿದದ್ದು ಸಾಧಾರಣ ಕುಂಡದ ಮಣ್ಣು ಕಲೆಸುತ್ತೇನೆ. ನುಣುಪು ಮರಳು ಬೇಡ, ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ.

ಇನ್ನೊಂದು ಮಾತು. ತೂತಿಲ್ಲದ ಚೆಂದದ ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ಆಯಿತು ಅಂತ ತುಂಬಾ ಜನ ಹೇಳುತ್ತಾರೆ. ಹಾಗೆ ಆಗುವುದಿಲ್ಲ. ಮಣ್ಣು ಪೂರ್ತಿ ನೆನೆಯುವವರೆಗೆ ನೀರು ಜಲ್ಲಿಗೆ ಇಳಿಯುವುದೇ ಇಲ್ಲ, ಒದ್ದೆ ಮಣ್ಣು ಇನ್ನೂ ಮೇಲೆ, ಬೇರಿನ ಹತ್ತಿರವೇ ನಿಲ್ಲುತ್ತದೆ ಅಷ್ಟೆ. ತೂತಿರುವ ಮಣ್ಣಿನ ಕುಂಡ, ಅದೂ ಬೇರಿಗಿಂತ ಒಂದೆರಡು ಬೆರಳು ಅಗಲ ಇದ್ದರೆ ಸಾಕು.

*

ಹುಳದ ಬಗ್ಗೆ ಯಾರೂ ಹೇಳಲಿಲ್ಲ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಬಿಳಿ ಹತ್ತಿ ಅಂಟಿದ ಹಾಗೆ ಕಂಡರೆ ಅದು ಹಿಟ್ಟು ತಿಗಣೆ. ಹತ್ತಿ ಕಡ್ಡಿಯನ್ನು 70% ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ, ಮೊಟ್ಟೆ ಉಳಿದಿರುತ್ತದೆ. ಹೊಸ ಗಿಡವನ್ನು ಎರಡು ಮೂರು ವಾರ ಬೇರೆ ಇಡುವುದು ಒಳ್ಳೆಯದು. ನನ್ನ ಹನ್ನೊಂದು ಕುಂಡಕ್ಕೂ ಹಬ್ಬಿದ್ದು ಒಂದೇ ಒಂದು ಹೊಸ ಗಿಡದಿಂದ, ಆರು ಉಳಿಸಿಕೊಳ್ಳಲು ಆಗಲೇ ಇಲ್ಲ, ಈಗಲೂ ಬೇಜಾರಾಗುತ್ತದೆ.

*

ಎಲ್ಲರಿಗೂ ಥ್ಯಾಂಕ್ಸ್. ಹಾವರ್ಥಿಯಾನೇ ತರುತ್ತೇನೆ. ಒಂದು ವಿಷಯ, ವಾಲಿ ಬಿದ್ದ ಎಚೆವೇರಿಯಾದ ಎರಡು ಎಲೆ ಶೆಲ್ಫ್ ಮೇಲೆ ಸುಮ್ನೆ ಬಿದ್ದಿದ್ದವು. ಇವತ್ತು ನೋಡಿದರೆ ಒಂದರ ಬುಡದಲ್ಲಿ ಗುಲಾಬಿ ಬಣ್ಣದ ದಾರದಂಥದ್ದು ಬಂದಿದೆ. ಬೇರಾ ಅದು?

*

ಹೌದು, ಬೇರೇ ಅದು! ಎಸೆಯಬೇಡಿ. ಒಣ ಮಣ್ಣಿನ ಮೇಲೆ ಆ ಎಲೆಯನ್ನು ಮಲಗಿಸಿ, ಹೂಳಬೇಡಿ. ಎರಡು ಮೂರು ದಿನಕ್ಕೊಮ್ಮೆ ಬೇರಿನ ಹತ್ತಿರ ಮಾತ್ರ ಸ್ವಲ್ಪ ನೀರು ಚಿಮುಕಿಸಿ. ಕೆಲವು ವಾರದಲ್ಲಿ ಅಲ್ಲೇ ಪುಟ್ಟ ಗಿಡ ಕಾಣುತ್ತದೆ. ತಾಯಿ ಎಲೆ ತಾನಾಗಿ ಒಣಗಿ ಕಾಗದದಂತಾಗುವವರೆಗೆ ಕೀಳಬೇಡಿ, ಮರಿ ಬದುಕುವುದು ಅದರ ನೀರಿನಿಂದಲೇ. ಈ ಸಲ ಶೆಲ್ಫ್ ಮೇಲೆ ಇಡಬೇಡಿ, ಕಿಟಕಿಯಿಂದ ಒಂದೆರಡು ಮೀಟರ್ ಒಳಗೆ ಬಂದರೂ ಬೆಳಕು ತುಂಬಾ ಇಳಿದುಬಿಡುತ್ತದೆ. ಮರಿ ಸ್ವಲ್ಪ ದೊಡ್ಡದಾದ ಮೇಲೆ ಗಾಜಿಗೆ ತಾಗಿಸಿಯೇ ಇಡಿ. ಆಗಲೂ ಉದ್ದ ಎಳೆದರೆ ಒಂದು ಅಡಿ ಎತ್ತರದಲ್ಲಿ ಬಿಳಿ ಎಲ್‌ಇಡಿ ದೀಪ ಹಾಕಿ, ದಿನಕ್ಕೆ 12 ಗಂಟೆ ಉರಿಯಲಿ. ಬೆಕ್ಕಿಗೂ ಎಚೆವೇರಿಯಾದಿಂದ ತೊಂದರೆ ಇಲ್ಲ, ಆದರೆ ಎಲೆಯನ್ನು ಉರುಳಿಸಿಕೊಂಡು ಹೋಗದಂತೆ ಮೇಲೊಂದು ಜಾಲರಿ ಬುಟ್ಟಿ ಮುಚ್ಚಿಡಿ.