ಐದು ಬ್ರಾಂಚಿಗೆ ಒಂದೇ ವಿಪಿಎನ್: ಒಂದು ಬಂದ್ರೆ ಇನ್ನೊಂದು ಕಟ್ ಆಗ್ತಿದೆ

ಕೇಬಲ್‌ಪ್ರಾಣಿ:
ಒಂದು ಹೆಡ್ ಆಫೀಸು, ಐದು ಸಣ್ಣ ಬ್ರಾಂಚು, ಒಂದೊಂದ್ರಲ್ಲಿ ಮೂರೋ ನಾಕೋ ಕಂಪ್ಯೂಟರ್ ಅಷ್ಟೆ. ಬಿಲ್ಲಿಂಗ್ ಸರ್ವರ್ ಹೆಡ್ ಆಫೀಸಲ್ಲಿದೆ. ಇಷ್ಟು ದಿನ ಪ್ರತಿ ಪಿಸಿಗೂ ವಿಪಿಎನ್ (ಇಂಟರ್ನೆಟ್ ಮೇಲೆ ಆಫೀಸಿಗೆ ಹೋಗೋ ಖಾಸಗಿ ದಾರಿ) ಕ್ಲೈಂಟ್ ಹಾಕಿದ್ವಿ, ದಿನಾ ಬೆಳಗ್ಗೆ ಯಾರಾದ್ರೂ ಒಬ್ರು ಪಾಸ್‌ವರ್ಡ್ ಮರೆತು ಫೋನ್ ಮಾಡೋರು, ಸಾಕಾಗಿ ಈಗ ರೂಟರ್‌ನಲ್ಲೇ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿದೀನಿ. ಒಂದು ಕಾನ್ಫಿಗ್ ಫೈಲ್ ಮಾಡಿ ಅದನ್ನೇ ಎಲ್ಲಾ ಬ್ರಾಂಚಿಗೂ ಕಾಪಿ ಮಾಡ್ದೆ. ಮೊದಲ್ನೇದು ಚೆನ್ನಾಗೇ ನಡೀತು, ಎರಡನೇದು ಆನ್ ಮಾಡಿದ ತಕ್ಷಣ ಮೊದಲ್ನೇದು ಕಟ್. ಸ್ವಲ್ಪ ಹೊತ್ತಿಗೆ ಅದು ಬರತ್ತೆ, ಇದು ಹೋಗತ್ತೆ. ಹೆಡ್ ಆಫೀಸ್ 192.168.0.x, ಬ್ರಾಂಚೆಲ್ಲಾ 192.168.1.x, ರೂಟರ್ ಡಬ್ಬಿಯಿಂದ ಹೇಗೆ ಬಂತೋ ಹಾಗೇ. ಎರಡು ಬ್ರಾಂಚಲ್ಲಿ ಪಬ್ಲಿಕ್ ಐಪಿನೂ (ಹೊರಗಿಂದ ನೇರ ತಲುಪೋ ಇಂಟರ್ನೆಟ್ ವಿಳಾಸ) ಇಲ್ಲ. ಏನ್ ಮಾಡ್ಲಿ?

ಹಳೇಮೋಡೆಮ್:
ಕಾಪಿ ಮಾಡಿದ್ದೇ ಎಡವಟ್ಟು ಗುರು. ವೈರ್‌ಗಾರ್ಡ್‌ಗೆ ಯೂಸರ್‌ನೇಮ್ ಗೀಸರ್‌ನೇಮ್ ಏನಿಲ್ಲ, ಕೀನೇ ಗುರುತು. ಐದೂ ಬ್ರಾಂಚು ಒಂದೇ ಕೀ ಇಟ್ಕೊಂಡು ಬಂದ್ರೆ ಹೆಡ್ ಆಫೀಸ್ ರೂಟರ್‌ಗೆ ಒಬ್ನೇ ಆಸಾಮಿ ಊರೂರು ಅಲೀತಿರೋ ಹಾಗೆ ಕಾಣತ್ತೆ, ಕೊನೇ ಪ್ಯಾಕೆಟ್ ಎಲ್ಲಿಂದ ಬಂತೋ ಉತ್ತರಾನೂ ಅಲ್ಲಿಗೇ ಕಳಿಸತ್ತೆ. ಬ್ರಾಂಚಿಗೊಂದು ಕೀ ಜೋಡಿ, ಬ್ರಾಂಚಿಗೊಂದು ಟನಲ್ ಐಪಿ (ವಿಪಿಎನ್ ಒಳಗಿನ ವಿಳಾಸ) ಮಾಡು.

ಅಷ್ಟಕ್ಕೇ ಮುಗೀಲಿಲ್ಲ. ಎರಡು ಪಿಯರ್‌ಗೆ (ಅಂದ್ರೆ ಬ್ರಾಂಚಿಗೆ) ಅಲೌಡ್ ಐಪೀಸ್‌ನಲ್ಲಿ (ಯಾವ ವಿಳಾಸ ಯಾರ ಕಡೆ ಅನ್ನೋ ಪಟ್ಟಿ) 192.168.1.0/24, ಅಂದ್ರೆ 192.168.1.x ಪೂರ್ತಿ, ಅಂತ್ಲೇ ಬರೆದ್ರೆ ಆ ರೇಂಜು ಕೊನೇಲಿ ಬರೆದವನ ಪಾಲು, ಮೊದಲ್ನೇವನ ಹತ್ರ ಇದ್ದಿದ್ದನ್ನ ಒಂದು ಎರರ್ ಕೂಡ ತೋರಿಸದೆ ಕಿತ್ಕೊಳತ್ತೆ, ನಾನು ಇದಕ್ಕೆ ಒಂದಿಡೀ ರಾತ್ರಿ ತಲೆ ಚಚ್ಕೊಂಡಿದೀನಿ. ಹೆಡ್ ಆಫೀಸ್ ಮುಟ್ಬೇಡ, ಬ್ರಾಂಚ್‌ಗಳನ್ನ 192.168.11.x, 12.x ಹೀಗೆ ಬದಲಾಯಿಸು. ನ್ಯಾಟ್ (ರೂಟರ್ ವಿಳಾಸ ಬದಲಿಸಿ ಕಳಿಸೋದು) ಹಾಕಿ ತೇಪೆ ಹಚ್ಬೋದು ಅಂತ ಯಾರಾದ್ರೂ ಹೇಳ್ತಾರೆ, ಕೇಳ್ಬೇಡ, ಆರು ತಿಂಗಳಾದ್ಮೇಲೆ ಯಾವುದು ಎಲ್ಲಿಂದ ಬರ್ತಿದೆ ಅಂತ ನಿಂಗೇ ಗೊತ್ತಾಗಲ್ಲ.

ಪಿಂಗ್‌ಪಾಂಗ್:
ಪಬ್ಲಿಕ್ ಐಪಿ ಹೆಡ್ ಆಫೀಸಿಗೆ ಇದ್ರೆ ಸಾಕು, ಬ್ರಾಂಚ್ ತಾನೇ ಹೊರಗೆ ಕರೆ ಮಾಡತ್ತೆ. ರೂಟರ್ ಪೇಜಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ಐಪಿ 100.64 ರಿಂದ 100.127 ಒಳಗಿದ್ರೆ ಅದು ಸಿಜಿನ್ಯಾಟ್, ಅಂದ್ರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿನ ಹಲವರಿಗೆ ಹಂಚಿರೋದು, ಅಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಕರೆನ ಒಳಗೆ ದಾಟಿಸೋದು) ಮಾಡಿ ಪ್ರಯೋಜನ ಇಲ್ಲ. ಬ್ರಾಂಚ್ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಆಗಾಗ ಖಾಲಿ ಪ್ಯಾಕೆಟ್ ಕಳಿಸೋದು) 25 ಸೆಕೆಂಡ್ ಇಡಿ, ಇಲ್ಲಾಂದ್ರೆ ಸುಮ್ನಿದ್ದಾಗ ನ್ಯಾಟ್ ಬಾಗಿಲು ಮುಚ್ಚಿ ಹೆಡ್ ಆಫೀಸಿಂದ ಬ್ರಾಂಚಿಗೆ ಏನೂ ಹೋಗಲ್ಲ. ಆಮೇಲೆ ಹೆಡ್ ಆಫೀಸಲ್ಲಿ ಡೈನಮಿಕ್ ಡಿಎನ್‌ಎಸ್ (ಬದಲಾಗೋ ಐಪಿಗೆ ಒಂದು ಖಾಯಂ ಹೆಸರು) ಇದ್ರೆ ಹುಷಾರು, ಆ ಹೆಸರನ್ನ ಟನಲ್ ಶುರುವಾಗೋವಾಗ ಒಂದ್ಸಲ ನೋಡತ್ತೆ ಅಷ್ಟೆ, ಐಪಿ ಬದಲಾದ್ರೆ ರೀಸ್ಟಾರ್ಟ್ ಮಾಡ್ಬೇಕು ಇಲ್ಲಾ ಒಂದು ಸ್ಕ್ರಿಪ್ಟ್ ಇಡ್ಬೇಕು.

ಕೇಬಲ್‌ಪ್ರಾಣಿ:
ಭಾನುವಾರ ಪೂರ್ತಿ ಕೂತು ಮಾಡ್ದೆ, ಐದೂ ಬಂತು!! ಆದ್ರೆ 4ಜಿ ಡಾಂಗಲ್ ಇರೋ ಬ್ರಾಂಚಲ್ಲಿ ವಿಚಿತ್ರ, ಪಿಂಗ್ ಹೋಗತ್ತೆ, ಲಾಗಿನ್ ಸ್ಕ್ರೀನೂ ಬರತ್ತೆ, ದೊಡ್ಡ ರಿಪೋರ್ಟ್ ತೆಗೆದ್ರೆ ಅರ್ಧಕ್ಕೇ ನಿಂತುಬಿಡತ್ತೆ.

ಹಳೇಮೋಡೆಮ್:
ಎಮ್‌ಟಿಯು, ಅಂದ್ರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನೋ ಮಿತಿ. ಸಣ್ಣ ಪ್ಯಾಕೆಟ್ ನುಸುಳತ್ತೆ, ದೊಡ್ಡದು ದಾರೀಲಿ ಸಿಕ್ಕಾಕೊಳತ್ತೆ. ಟನಲ್‌ದು 1420 ಇರತ್ತೆ, ಎರಡೂ ಕಡೆ 1380 ಮಾಡಿ ನೋಡು, ಆಗ್ಲಿಲ್ಲಾಂದ್ರೆ 1280. ಟಿಸಿಪಿ ಎಮ್‌ಎಸ್‌ಎಸ್ ಕ್ಲ್ಯಾಂಪ್ (ಡೇಟಾ ತುಂಡುಗಳನ್ನ ಆ ಮಿತಿಯೊಳಗೇ ಇಡೋ ಸೆಟ್ಟಿಂಗ್) ಕೂಡ ಆನ್ ಮಾಡು.

ಕೇಬಲ್‌ಪ್ರಾಣಿ:
1380ಕ್ಕೆ ಬಂತು, ಥ್ಯಾಂಕ್ಸ್ ಗುರು. ಈಗ ಮೂರನೇ ಬ್ರಾಂಚ್ ಪ್ರಿಂಟರ್ ಕಾಣ್ತಿಲ್ಲ. ಹಳೇ 192.168.1.50 ಅದ್ರಲ್ಲೇ ಸ್ಟ್ಯಾಟಿಕ್ (ತಾನಾಗಿ ಬದಲಾಗದ ಹಾಗೆ) ಕೊಟ್ಟು ಮರೆತಿದ್ದೆ ಅಂತ ಈಗ ನೆನಪಾಯ್ತು 🤦